ಕಾದಂಬರಿಕಾರನ ದಿನಚರಿ: ಬರಹ, ಮಳೆಗಾಲ ಮತ್ತು ಓದುಗರ ಓಲೆ

ನಮ್ಮ ಪ್ರೌಢಶಾಲೆಗಳ ಕನ್ನಡ ಪಠ್ಯಪುಸ್ತಕಗಳಲ್ಲಿ ಪಾಠದ ಮೊದಲಿಗೋ ಕೊನೆಗೋ ಕೃತಿಕಾರರ ಪರಿಚಯವೆಂಬ ನಾಲ್ಕು ಸಾಲುಗಳಿರುತ್ತವೆ. ಹುಟ್ಟಿದ ಊರು, ಇಸವಿ, ರಚಿಸಿದ ಗ್ರಂಥಗಳು, ದೊರೆತ ಪ್ರಶಸ್ತಿಗಳು ಇಷ್ಟನ್ನು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆ ಗ್ರಂಥಗಳು ಯಾವ ಹೊತ್ತಿನಲ್ಲಿ, ಯಾವ ಯಾವ ಕೆಲಸಗಳ ನಡುವೆ ಬರೆಯಲ್ಪಟ್ಟವು, ಓದಿದವರು ಏನೆಂದರು, ಅದಕ್ಕೆ ಬರೆದವರು ಏನು ಉತ್ತರ ಕೊಟ್ಟರು ಎಂಬ ವಿಷಯದಲ್ಲಿ ಆ ನಾಲ್ಕು ಸಾಲುಗಳು ಮೌನವಾಗಿರುತ್ತವೆ. ಇದರ ಫಲವಾಗಿ, ಕಾದಂಬರಿಯೆಂಬುದು ಪ್ರಶಸ್ತಿ ಪಡೆದವರಿಗೆ ಮಾತ್ರ ಆಕಾಶದಿಂದ ಇಳಿದುಬರುವ ವಸ್ತು, ಗದ್ದೆ ತೋಟ ಅಂಗಡಿ ಶಾಲೆಗಳಲ್ಲಿ ದುಡಿಯುವವರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರುತ್ತದೆ. ಬರೆಯಬಲ್ಲ ಎಷ್ಟೋ ಮಕ್ಕಳು ಈ ಭಾವನೆಯಿಂದಲೇ ಬರೆಯದೆ ಉಳಿಯುತ್ತಾರೆಂಬುದು ಅಧ್ಯಾಪಕರಾದ ನಾವು ಯೋಚಿಸಬೇಕಾದ ಸಂಗತಿ.

ಶರಣ ಪರಂಪರೆಯ ನೆರಳಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಈ ಮಾತು ಹೊಸದಾಗಬಾರದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಬಹುಮಂದಿಯ ಹೆಸರಿಗೇ ಅವರ ಕಾಯಕ ಅಂಟಿಕೊಂಡಿದೆ. ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದವನು; ಅಂಬಿಗರ ಚೌಡಯ್ಯ ದೋಣಿ ನಡೆಸಿದವನು; ಆಯ್ದಕ್ಕಿ ಲಕ್ಕಮ್ಮ ಅಕ್ಕಿಯನ್ನು ಆಯ್ದು ಬದುಕಿದವಳು. ಇವರು ಕಾಯಕವನ್ನು ಬಿಟ್ಟು ವಚನ ರಚಿಸಿದವರಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು. ವಚನವು ಎದುರಿಗೆ ಕುಳಿತವರಿಗೆ ಹೇಳಿದ ಮಾತು. ಎದುರಿಗಿದ್ದವರು ಅಲ್ಲಿಯೇ ಒಪ್ಪುತ್ತಿದ್ದರು, ಅಲ್ಲಿಯೇ ಖಂಡಿಸುತ್ತಿದ್ದರು. ಮುಂದೆ ಶೂನ್ಯಸಂಪಾದನೆಯ ಸಂಕಲನಕಾರರು ವಚನಗಳನ್ನು ಸಂವಾದದ ರೂಪದಲ್ಲಿಯೇ ಜೋಡಿಸಿದರು. ಕಾದಂಬರಿಕಾರನಿಗಾದರೋ ಎದುರಿಗೆ ಯಾರೂ ಇಲ್ಲ. ಅವನ ಅನುಭವಮಂಟಪ ನೂರಾರು ಊರುಗಳಲ್ಲಿ ಚದುರಿಹೋಗಿದೆ. ಅಲ್ಲಿಂದ ಉತ್ತರ ಬಂದರೆ ಅಂಚೆಯ ಮೂಲಕ ಬರಬೇಕು.

ಈ ವಿಷಯವನ್ನು ಪರಿಶೀಲಿಸುವುದಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ಸೀಮೆ ಮತ್ತು ಅದರ ನೆರೆಹೊರೆ ಒಳ್ಳೆಯ ಕ್ಷೇತ್ರ. ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಹೋಗುವ ದಾರಿಯಲ್ಲಿ ಅಳದಂಗಡಿಯೆಂಬ ಊರಿದೆ. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯ ಏಕಶಿಲಾಮೂರ್ತಿಯನ್ನು ನಿಲ್ಲಿಸಿದ ಅಜಿಲ ಅರಸು ಮನೆತನದ ಅರಮನೆ ಇರುವುದು ಇಲ್ಲಿಯೇ. ಪೂರ್ವಕ್ಕೆ ಪಶ್ಚಿಮಘಟ್ಟದ ಗೋಡೆ, ಪಶ್ಚಿಮಕ್ಕೆ ಮೂಡಬಿದಿರೆ, ದಕ್ಷಿಣಕ್ಕೆ ಉಪ್ಪಿನಂಗಡಿಯನ್ನು ದಾಟಿದರೆ ಪುತ್ತೂರು. ಬಯಲುಸೀಮೆಯ ನಮ್ಮ ಓದುಗರು ಈ ಪ್ರದೇಶದ ಕಾಲಮಾನವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದಿಲ್ಲದೆ ಇಲ್ಲಿನ ಬರಹಗಾರನ ದಿನಚರಿ ಅರ್ಥವಾಗದು.

ಇಲ್ಲಿ ವರ್ಷವೆಂದರೆ ಮಳೆ ಇರುವ ಅರ್ಧ, ಮಳೆ ಇಲ್ಲದ ಅರ್ಧ. ತುಳುವರ ಬೇಶ ತಿಂಗಳಿನ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಪತ್ತನಾಜೆ ಬರುತ್ತದೆ. ಅಂದಿಗೆ ಭೂತಕೋಲಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದೇ ವೇಳೆಗೆ ಅಡಿಕೆ ತೋಟದವರು ಕೊಳೆರೋಗಕ್ಕೆ ಅಂಜಿ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗೊನೆಗೆ ಸಿಂಪಡಿಸಿ ಮುಗಿಸಬೇಕು. ಆರು ವಾರ ಕಳೆದು ಮಳೆ ಒಂದಿಷ್ಟು ಹೊಳವಾದಾಗ ಮತ್ತೊಮ್ಮೆ ಸಿಂಪಡಿಸಬೇಕು. ಜೂನ್ ತಿಂಗಳಿನಿಂದ ಏಣೆಲು ಬೇಸಾಯ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ನಾಟಿ ಮುಗಿದಿದೆ, ಕಣಜ ಬರಿದಾಗಿದೆ, ಮದುವೆ ಮುಂಜಿಗಳಿಲ್ಲ, ಹೊರಗೆ ಕಾಲಿಡುವಂತಿಲ್ಲ. ಹಳೆಯ ಕಾಲದಲ್ಲಿ ಹಸಿವಿನ ತಿಂಗಳಾಗಿದ್ದ ಈ ಆಟಿಯೇ ತಾಳಮದ್ದಲೆಯ ತಿಂಗಳೂ ಆಯಿತು: ದೇಹಕ್ಕೆ ಬಿಡುವು ದೊರೆತಾಗ ಮಾತು ಬೆಳೆಯಿತು. ನವೆಂಬರಿನಿಂದ ಅಡಿಕೆ ಕೊಯ್ಲು; ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಹರಡಿ ಒಂದೂವರೆ ತಿಂಗಳಿನಷ್ಟು ಕಾಲ ಬಿಸಿಲಿಗೆ ಒಣಗಿಸಬೇಕು. ಅಂಗಳ ತುಂಬಿದಾಗ ಮನೆಯವರಿಗೆ ಬಿಡುವಿಲ್ಲ, ಅಂಗಳ ಬರಿದಾದಾಗ ಮಳೆ. ಇಂತಹ ನಾಡಿನಲ್ಲಿ ಬರಹಗಾರನು ತನ್ನ ಹೊತ್ತನ್ನು ತಾನೇ ಆರಿಸಿಕೊಳ್ಳುವುದಿಲ್ಲ, ಋತು ಕೊಟ್ಟ ಹೊತ್ತನ್ನು ತೆಗೆದುಕೊಳ್ಳುತ್ತಾನೆ.

ಈ ನೆರೆಹೊರೆಯ ಕಾದಂಬರಿಕಾರರಲ್ಲಿ ಹಿರಿಯರಾದವರು ಡಾ. ಕೆ. ಶಿವರಾಮ ಕಾರಂತರು (1902–1997). ಹುಟ್ಟಿದ್ದು ಕೋಟದಲ್ಲಿ, ಬದುಕಿನ ಸುಮಾರು ನಾಲ್ಕು ದಶಕಗಳನ್ನು ಕಳೆದದ್ದು ಪುತ್ತೂರಿನಲ್ಲಿ, ಕೊನೆಯ ಕಾಲ ಸಾಲಿಗ್ರಾಮದಲ್ಲಿ. ಪುತ್ತೂರಿನಲ್ಲಿ ಅವರು ಕಟ್ಟಿದ ಬಾಲವನವು ಮೊದಲು ಮಕ್ಕಳ ಶಿಕ್ಷಣದ ಪ್ರಯೋಗಶಾಲೆ, ಆಮೇಲೆ ಕಾದಂಬರಿಕಾರನ ಮನೆ. ಈ ಅನುಕ್ರಮವನ್ನು ಅಧ್ಯಾಪಕರು ಗಮನಿಸತಕ್ಕದ್ದು. 1933ರಲ್ಲಿ 'ಚೋಮನ ದುಡಿ', 1943ರಲ್ಲಿ 'ಬೆಟ್ಟದ ಜೀವ'. ಈ ಎರಡರ ನಡುವೆ 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳು. ಮಕ್ಕಳ ವಿಶ್ವಕೋಶವನ್ನು ಒಬ್ಬನೇ ವ್ಯಕ್ತಿ ಬರೆಯುವುದೆಂದರೆ ಎಷ್ಟು ಪತ್ರವ್ಯವಹಾರ, ಎಷ್ಟು ಚಿತ್ರಸಂಗ್ರಹ, ಎಷ್ಟು ಕರಡು ತಿದ್ದುವಿಕೆ! ಇವುಗಳ ಜೊತೆಗೆ ನಾಟಕ, ಯಕ್ಷಗಾನದ ಸಂಶೋಧನೆ, ತಿರುಗಾಟ, ಮುದ್ರಣಾಲಯದ ಮೇಲ್ವಿಚಾರಣೆ. ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿ ಮಾರುವ ಹೊಣೆಯನ್ನೂ ಅವರು ಹೊತ್ತಿದ್ದರು. ಕಾದಂಬರಿಗೆಂದು ಪ್ರತ್ಯೇಕವಾಗಿ ಮೀಸಲಿಟ್ಟ ನಿಶ್ಚಿಂತೆಯ ಕಾಲ ಅವರಿಗೆ ಎಂದೂ ದೊರೆಯಲಿಲ್ಲ. ಆದರೂ ನಲವತ್ತಕ್ಕೂ ಮೀರಿದ ಕಾದಂಬರಿಗಳನ್ನು ಬರೆದರು.

ಹೇಗೆ ಸಾಧ್ಯವಾಯಿತು? ಕಾರಂತರು ಕಾದಂಬರಿಯನ್ನು ಬರೆಯಲು ತೆಗೆದುಕೊಳ್ಳುತ್ತಿದ್ದುದು ಕೆಲವೇ ದಿನಗಳೆಂಬುದು ಸಾಹಿತ್ಯಲೋಕದಲ್ಲಿ ಪ್ರಸಿದ್ಧ. ಈ ಮಾತನ್ನು ಕೇಳಿ ಮೂಗಿನ ಮೇಲೆ ಬೆರಳಿಡುವವರು ಇನ್ನೊಂದು ಅಂಶವನ್ನು ಮರೆಯುತ್ತಾರೆ. ಬರಹಕ್ಕೆ ಕೂರುವ ಮುನ್ನ ವಸ್ತು ಅವರ ಮನಸ್ಸಿನಲ್ಲಿ ವರ್ಷಗಟ್ಟಲೆ ತಿರುಗಾಡಿರುತ್ತಿತ್ತು. ಅವರೂ ಆ ವಸ್ತುವಿನ ನೆಲದಲ್ಲಿ ತಿರುಗಾಡಿರುತ್ತಿದ್ದರು. ಉಳುವ ಹಕ್ಕಿಲ್ಲದ ಚೋಮನು ಎರಡು ಎತ್ತುಗಳನ್ನು ಸಾಕಿಕೊಂಡು ಒಂದು ತುಂಡು ಗದ್ದೆಗಾಗಿ ಹಂಬಲಿಸುವುದನ್ನು, ಅವನ ಮಕ್ಕಳು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗಿ ಚಳಿಜ್ವರಕ್ಕೆ ಸಿಕ್ಕುವುದನ್ನು ಮೇಜಿನ ಮುಂದೆ ಕುಳಿತು ಊಹಿಸಲಾಗುವುದಿಲ್ಲ. 'ಬೆಟ್ಟದ ಜೀವ'ದ ಗೋಪಾಲಯ್ಯನವರು ಸುಬ್ರಹ್ಮಣ್ಯದ ಆಚೆಯ ಕಾಡನ್ನು ಕಡಿದು ತೋಟ ಮಾಡಿದವರು. ಆ ಪುಸ್ತಕವನ್ನು ಓದಿದವರಿಗೆ ಅಡಿಕೆ, ಮಳೆ, ಕಾಡುಪ್ರಾಣಿ, ಮಗನಿಲ್ಲದ ಮನೆ ಇವೆಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಬಿತ್ತನೆ ನಾಲ್ಕು ದಿನದ ಕೆಲಸವೆಂದು ಬೆಳೆಯೂ ನಾಲ್ಕು ದಿನದ್ದೆಂದು ಯಾವ ರೈತನೂ ಹೇಳುವುದಿಲ್ಲವಷ್ಟೆ.

ವಯಸ್ಸಾದ ಮೇಲೆ ಕಾರಂತರು ಕೈಯಿಂದ ಬರೆಯುವುದನ್ನು ಕಡಿಮೆ ಮಾಡಿ ಹೇಳಿ ಬರೆಯಿಸತೊಡಗಿದರು. ಸಾಲಿಗ್ರಾಮದಲ್ಲಿ ಅವರಿಗೆ ದೀರ್ಘಕಾಲ ಲಿಪಿಕಾರರಾಗಿ, ಅವರ ಬಿಡಿಲೇಖನಗಳನ್ನು ಸಂಪುಟಗಳಾಗಿ ಸಂಪಾದಿಸಿದ ಬಿ. ಮಾಲಿನಿ ಮಲ್ಯ ಅವರ ಶ್ರಮವನ್ನು ಇಲ್ಲಿ ನೆನೆಯಲೇಬೇಕು. ಕೃತಿಕಾರರ ಪರಿಚಯದ ನಾಲ್ಕು ಸಾಲುಗಳಲ್ಲಿ ಇಂತಹವರ ಹೆಸರಿಗೆ ಎಡೆಯಿಲ್ಲ. ಬರೆದುಕೊಂಡ ಕೈ ಇಲ್ಲದಿದ್ದರೆ ಆ ಕೊನೆಯ ಕೃತಿಗಳೂ ಇರುತ್ತಿರಲಿಲ್ಲ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರ (1924–1991) ಕಥೆ ಇದಕ್ಕಿಂತ ಕಠಿನವಾದದ್ದು. 1971ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಒಂದು ಪಕ್ಕ ಸ್ವಾಧೀನ ತಪ್ಪಿತು. ಅದಾದ ಮೇಲೆ, ಪ್ರಾಚೀನ ಈಜಿಪ್ಟಿನ ದುಡಿಯುವ ಜನರ ದಂಗೆಯನ್ನು ವಸ್ತುವಾಗುಳ್ಳ 'ಮೃತ್ಯುಂಜಯ'ವೆಂಬ ಬೃಹತ್ ಕಾದಂಬರಿಯನ್ನು ಅವರು ಹೇಳಿ ಬರೆಯಿಸಿದರು. ಸ್ಫೂರ್ತಿ ಬಂದಾಗ ಬರೆಯುತ್ತೇನೆಂದು ಕಾದಿದ್ದರೆ ಅದು ಒಂದು ಅಧ್ಯಾಯಕ್ಕೂ ಸಾಲುತ್ತಿರಲಿಲ್ಲ.

ಇನ್ನು ಅಂಚೆಯ ವಿಷಯ. ಕಾರಂತರಿಗೆ ಪತ್ರ ಬರೆದವರಿಗೆ ಮರುಟಪಾಲಿನಲ್ಲಿ ಉತ್ತರ ಬರುತ್ತಿತ್ತು. ಬರೆದವರು ವಿದ್ವಾಂಸರೋ, ಶಾಲಾ ಬಾಲಕರೋ ಎಂಬ ಭೇದವಿರಲಿಲ್ಲ. ಒಂದು ಕಾರ್ಡು, ಕೆಲವೇ ಸಾಲು, ಓದಲು ಸಾಹಸಪಡಬೇಕಾದ ಕೈಬರಹ. ಆ ಕೈಬರಹದ ಕೆಲವು ಶಬ್ದಗಳನ್ನು ಬಿಡಿಸಲು ಮನೆಮಂದಿಯೆಲ್ಲ ಸೇರಿ ಕುಳಿತ ಕಥೆಗಳು ಕರಾವಳಿಯಲ್ಲಿ ಈಗಲೂ ಪ್ರಚಲಿತವಾಗಿವೆ. ಓದುಗನಿಗೆ ಉತ್ತರಿಸುವುದನ್ನು ಅವರು ಉಪಕಾರವೆಂದು ತಿಳಿದಂತೆ ಕಾಣುವುದಿಲ್ಲ. ದಿನದ ಕೆಲಸಗಳಲ್ಲಿ ಅದೂ ಒಂದು. ನಾವು ದಾಸೋಹವೆಂದು ಕರೆಯುವುದರ ಹತ್ತಿರದ ನೆಂಟನಿದು ಎಂದು ನನ್ನ ಅಭಿಪ್ರಾಯ. (ಕಾರಂತರು ದೇವರ ವಿಷಯದಲ್ಲಿ ಸಂದೇಹವಾದಿಗಳಾಗಿದ್ದವರು. ಅವರನ್ನು ಬಲವಂತವಾಗಿ ನಮ್ಮ ಪಂಕ್ತಿಯಲ್ಲಿ ಕೂರಿಸುವ ಉದ್ದೇಶ ನನಗಿಲ್ಲ. ಕೆಲಸದ ರೀತಿಯನ್ನಷ್ಟೆ ಹೋಲಿಸುತ್ತಿದ್ದೇನೆ.)

ಆದರೆ ಉತ್ತರಿಸುವುದು ಬೇರೆ, ವಿಧೇಯನಾಗುವುದು ಬೇರೆ. ಕಾರಂತರು ಓದುಗರಿಗೆ ಉತ್ತರಿಸಿದರು. ಓದುಗರ ಇಷ್ಟದಂತೆ ಬರೆಯಲಿಲ್ಲ. 1968ರ 'ಮೂಕಜ್ಜಿಯ ಕನಸುಗಳು' ಇದಕ್ಕೆ ನಿದರ್ಶನ. ದೇವರು, ಕಾಮ, ಸಂಪ್ರದಾಯಗಳ ಬಗ್ಗೆ ಒಬ್ಬ ವಿಧವೆ ಅಜ್ಜಿಯ ಬಾಯಿಂದ ಅಷ್ಟು ನಿರ್ಭಿಡೆಯ ಮಾತುಗಳನ್ನಾಡಿಸಿದ ಕೃತಿ ಓದುಗರ ಮನಸ್ಸನ್ನು ಕಾದು ಬರೆದದ್ದಾಗಿರಲು ಸಾಧ್ಯವಿಲ್ಲ. ಅದೇ ಕೃತಿಗೆ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು.

ಪುಸ್ತಕವಾಗಿ ಹೊರಬರುವ ಕಾದಂಬರಿಗೆ ಓದುಗನ ಮಾತು ಕೃತಿ ಮುಗಿದ ಮೇಲೆ ಬರುತ್ತದೆ. ವಾರಪತ್ರಿಕೆಯ ಧಾರಾವಾಹಿಗೆ ಹಾಗಲ್ಲ. ಕಥೆ ನಡುದಾರಿಯಲ್ಲಿರುವಾಗಲೇ ಪತ್ರಗಳು ಬರತೊಡಗುತ್ತವೆ. ಇದರ ಅನುಭವ ಚೆನ್ನಾಗಿದ್ದವರು ಕೆ.ಟಿ. ಗಟ್ಟಿಯವರು (1938–2024). ಕಾಸರಗೋಡಿನ ಬಳಿಯ ಕೂಡ್ಲಿನಲ್ಲಿ ಹುಟ್ಟಿ, ಅಧ್ಯಾಪಕರಾಗಿ ದುಡಿದು, ಮಣಿಪಾಲದಲ್ಲಿ ಇಂಗ್ಲಿಷ್ ಬೋಧಿಸಿ, ಎಂಬತ್ತರ ದಶಕದಲ್ಲಿ ಇಥಿಯೋಪಿಯ ದೇಶಕ್ಕೆ ಪಾಠ ಹೇಳಲು ಹೋಗಿ, ಹಿಂದಿರುಗಿದ ಮೇಲೆ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಭೂಮಿ ಹಿಡಿದು ಕೃಷಿ ಮಾಡಿದವರು. ಕೊನೆಯ ವರ್ಷಗಳು ಮಂಗಳೂರಿನಲ್ಲಿ ಕಳೆದವು. ಅವರ ಮೊದಲ ಕಾದಂಬರಿ 'ಶಬ್ದಗಳು' 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಅವರಿಗೆ ನಾಡಿನಾದ್ಯಂತ ಓದುಗರನ್ನು ದೊರಕಿಸಿತು. ಅಲ್ಲಿಂದ ಮುಂದೆ ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಅವರು ಬರೆದರು. 'ತೀರ'ವೆಂಬ ಆತ್ಮಕಥೆಯೂ ಇದೆ.

ಗಟ್ಟಿಯವರ ಬದುಕಿನಲ್ಲಿ ನಮ್ಮ ಪ್ರಸ್ತುತ ವಿಷಯದ ಮೂರು ಎಳೆಗಳೂ ಒಂದೆಡೆ ಕೂಡುತ್ತವೆ: ಬರಹ, ಮಣ್ಣಿನ ಕೆಲಸ, ಓದುಗ. ಧಾರಾವಾಹಿಗೆ ವಾರಕ್ಕೊಂದು ಕಂತು ಬೇಕೇ ಬೇಕು. ಮಳೆ ಬರಲಿ, ತೋಟದಲ್ಲಿ ಆಳಿಲ್ಲದಿರಲಿ, ಮುದ್ರಣಾಲಯ ಕಾಯುವುದಿಲ್ಲ. ಕೃಷಿಗೂ ಅದೇ ನಿಯಮ. ಸಿಂಪಡಿಸುವ ದಿನ ಸಿಂಪಡಿಸದಿದ್ದರೆ ಗೊನೆ ಉದುರಿಯೇ ಉದುರುತ್ತದೆ. ಆದ್ದರಿಂದ ಕೃಷಿಕನಾದ ಕಾದಂಬರಿಕಾರನಿಗೆ ಇಬ್ಬರು ನಿಷ್ಠುರ ಯಜಮಾನರು. ಪಟ್ಟಣದ ಬರಹಗಾರರು ಹಳ್ಳಿಯ ಏಕಾಂತವನ್ನು ಹೊಗಳುವುದುಂಟು. ಮಳೆಗಾಲದಲ್ಲಿ ದೀಪ ಹೋಗಿ, ಕಾಗದ ಥಂಡಿಯಿಂದ ಮೆತ್ತಗಾಗಿ, ಶಾಯಿ ಹರಡಿ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುವ ನಾಡಿನಲ್ಲಿ ಆ ಏಕಾಂತದ ಬೆಲೆ ಎಷ್ಟೆಂದು ಅನುಭವಿಸಿದವರೇ ಬಲ್ಲರು.

ಧಾರಾವಾಹಿಯ ಓದುಗನು ಒಂದು ಪಾತ್ರಕ್ಕೆ ಮದುವೆಯಾಗಲಿ ಎನ್ನುತ್ತಾನೆ, ಇನ್ನೊಬ್ಬನು ಸಾಯದಿರಲಿ ಎನ್ನುತ್ತಾನೆ. ಇದು ಪ್ರೀತಿಯ ಲಕ್ಷಣವೇ ಸರಿ. ಕಂತು ಕಂತಾಗಿ ಬರೆದು ಪ್ರಕಟಿಸುತ್ತಿದ್ದ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನಿಗೂ 1841ರಲ್ಲಿ ಇಂತಹುದೇ ಪತ್ರಗಳು ಬಂದಿದ್ದವು: ಪುಟ್ಟ ನೆಲ್ಲಿಯನ್ನು ಕೊಲ್ಲಬೇಡಿರೆಂದು. ಅವನು ಕೇಳಲಿಲ್ಲ. ಆದರೆ ಇಪ್ಪತ್ತು ವರ್ಷಗಳ ತರುವಾಯ, ಮತ್ತೊಂದು ಕಾದಂಬರಿಯ ದುಃಖಾಂತ್ಯವನ್ನು ಲೇಖಕ ಮಿತ್ರರೊಬ್ಬರ ಸಲಹೆಯಂತೆ ಬದಲಿಸಿದನು. ಎರಡರಲ್ಲಿ ಯಾವುದು ಸರಿಯೆಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಕೃತಿಯ ಒಳಗಿನ ನ್ಯಾಯವನ್ನು ಬಲ್ಲವನು ಬರೆಯುವವನು; ಅದು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಎಂಬುದನ್ನು ಬಲ್ಲವನು ಓದುವವನು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಹೋದಾಗ ಕೃತಿ ಕೆಡುತ್ತದೆ.

ಓದುಗನ ಮಾತು ಯಾವಾಗಲೂ ಪ್ರೀತಿಯದೇ ಆಗಿರುವುದಿಲ್ಲ. ಇದಕ್ಕೆ ಈ ಸೀಮೆಯಲ್ಲಿಯೇ ಹಳೆಯ ಸಾಕ್ಷಿಯೊಂದಿದೆ. ಅಳದಂಗಡಿಯಿಂದ ವೇಣೂರಿನ ಮೇಲೆ ಹೋದರೆ ಸಿಗುವ ಮೂಡಬಿದಿರೆ, ಹದಿನಾರನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ 'ಭರತೇಶ ವೈಭವ'ವನ್ನು ರಚಿಸಿದ ರತ್ನಾಕರವರ್ಣಿಯ ಊರು. ದೇವಚಂದ್ರನ 'ರಾಜಾವಳಿ ಕಥೆ' ಹೇಳುವ ಐತಿಹ್ಯದಂತೆ, ತನ್ನ ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದನು. ಅದರಲ್ಲಿ ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವೆಂದು ಭಟ್ಟಾರಕರು ಒಪ್ಪಲಿಲ್ಲ. ವಿರಸ ಬೆಳೆದು ಕವಿ ವೀರಶೈವ ಮತವನ್ನು ಸ್ವೀಕರಿಸಿ, ಕೆಲಕಾಲದ ಮೇಲೆ ಜೈನಮತಕ್ಕೆ ಹಿಂದಿರುಗಿದನು. ಐತಿಹ್ಯವನ್ನು ಇತಿಹಾಸವೆಂದು ನಾವು ಹೇಳಬೇಕಾಗಿಲ್ಲ. ಆದರೆ ಎರಡು ಮೂರು ಪದ್ಯಗಳ ನಿಮಿತ್ತ ಒಂದು ಮಹಾಕಾವ್ಯ ಬೀದಿಗೆ ಬರದೆ ನಿಂತಿತೆಂಬ ಕಥೆಯನ್ನು ಜನ ಇಷ್ಟು ಕಾಲ ನೆನಪಿಟ್ಟುಕೊಂಡಿದ್ದಾರೆ. ಆಕ್ಷೇಪಿಸಿದವರ ವಾದದ ವಿವರ ಇಂದು ಪಂಡಿತರಿಗೆ ಮಾತ್ರ ಬೇಕು. ಕಾವ್ಯವನ್ನು ಜನ ಈಗಲೂ ಓದುತ್ತಾರೆ.

ಮಠದ ಆಶ್ರಯದ ಸಂಚಿಕೆಯಲ್ಲಿ ಇನ್ನೊಂದು ಹೆಸರನ್ನು ಬಿಟ್ಟರೆ ಅಪ್ರಾಮಾಣಿಕವಾದೀತು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು (1919–1989) 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು, ಪತ್ರಕರ್ತರಾಗಿ ದುಡಿಯುತ್ತಲೇ ಕಾದಂಬರಿ ಬರೆದವರು. 'ಮಾಡಿ ಮಡಿದವರು' ಬರೆದ ಲೇಖನಿಯೇ 'ಜರತಾರಿ ಜಗದ್ಗುರು'ವನ್ನೂ ಬರೆಯಿತು. ಮಠಗಳ ಒಳಗಿನ ವೈಭವವನ್ನೂ ಡಂಭವನ್ನೂ ಅವರು ಬಿಚ್ಚಿಟ್ಟಾಗ ಸಹಜವಾಗಿಯೇ ಅನೇಕರಿಗೆ ನೋವಾಯಿತು. ಅಂತಹ ಕೃತಿಯನ್ನು ನಮ್ಮ ಗ್ರಂಥಾಲಯಗಳು ಕಪಾಟಿನಲ್ಲಿ ಇಟ್ಟುಕೊಳ್ಳಬೇಕೇ ಎಂದು ಕೇಳುವವರಿಗೆ, ಅವಶ್ಯ ಇಟ್ಟುಕೊಳ್ಳಬೇಕೆಂದೇ ನನ್ನ ಉತ್ತರ. ಅನುಭವಮಂಟಪದಲ್ಲಿ ಪ್ರಶ್ನೆ ಕೇಳಿದವರನ್ನು ಹೊರಗೆ ಕಳುಹಿಸಿದ್ದರೆ ವಚನ ಸಾಹಿತ್ಯ ಹುಟ್ಟುತ್ತಲೇ ಇರಲಿಲ್ಲ. ಕಟ್ಟೀಮನಿಯವರು 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರಿಂದ ನೊಂದವರಲ್ಲಿಯೂ ಅನೇಕರು ಅಂದು ಚಪ್ಪಾಳೆ ತಟ್ಟಿರಬಹುದು.

ಈಗಿನ ಸ್ಥಿತಿ ಬೇರೆ. ಟೀಕೆಗಿಂತ ಮೌನವೇ ಇಂದು ಬರಹಗಾರನ ದೊಡ್ಡ ಕಷ್ಟವೆಂದು ತೋರುತ್ತದೆ. ಕೈಯಿಂದ ಬರೆದ ಓಲೆಗಳು ಬಹುಮಟ್ಟಿಗೆ ನಿಂತುಹೋಗಿವೆ. ದೂರವಾಣಿಯಲ್ಲಿ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಅದರಿಂದ ಕೃತಿಯ ಯಾವ ಪುಟ ಓದುಗನನ್ನು ಹಿಡಿಯಿತೆಂಬುದು ತಿಳಿಯುವುದಿಲ್ಲ. ಅಳದಂಗಡಿಯಂತಹ ಊರುಗಳಲ್ಲಿ, ಶಾಲೆಯಲ್ಲಿ ಪಾಠ ಹೇಳುತ್ತಲೋ ಅಡಿಕೆ ಸುಲಿಯುತ್ತಲೋ ಬರೆಯುವವರ ಪುಸ್ತಕ ಒಂದಿಷ್ಟು ಪ್ರತಿ ಅಚ್ಚಾಗಿ, ಸಗಟು ಖರೀದಿಯಲ್ಲಿ ಗ್ರಂಥಾಲಯಗಳಿಗೆ ಸೇರಿ, ಮುದ್ರೆ ಒತ್ತಿಸಿಕೊಂಡು ಕಪಾಟಿನಲ್ಲಿ ನಿಲ್ಲುತ್ತದೆ. ಕಟ್ಟೆಯೊಡೆದು ಹರಿಯಬೇಕಾದ ನೀರು ತೊಟ್ಟಿಯಲ್ಲಿ ನಿಂತಂತೆ. ಬರೆಯುವವನು ಆಟಿಯ ಮಳೆಯಲ್ಲಿ ಮುಂದಿನ ಪುಸ್ತಕಕ್ಕೆ ಕುಳಿತಾಗ, ಹಿಂದಿನದು ಯಾರನ್ನು ತಲುಪಿತೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಆದುದರಿಂದ ಸಹೋದ್ಯೋಗಿ ಅಧ್ಯಾಪಕರಲ್ಲಿ ಒಂದು ವಿನಂತಿ. ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳಲ್ಲಿ ಪತ್ರಲೇಖನದ ಅಭ್ಯಾಸವಿದ್ದೇ ಇದೆ. ಮುಖ್ಯೋಪಾಧ್ಯಾಯರಿಗೆ ರಜಾಪತ್ರ, ಪುಸ್ತಕದಂಗಡಿಗೆ ಬೇಡಿಕೆ ಪತ್ರ, ಗೆಳೆಯನಿಗೆ ಪ್ರವಾಸದ ಪತ್ರ ಇವನ್ನೇ ವರ್ಷ ವರ್ಷವೂ ಬರೆಯಿಸುವ ಬದಲು, ವರ್ಷಕ್ಕೊಮ್ಮೆಯಾದರೂ ಜಿಲ್ಲೆಯ ಒಬ್ಬ ಜೀವಂತ ಲೇಖಕರ ಒಂದು ಕಾದಂಬರಿಯನ್ನು ತರಗತಿಗೆ ಓದಿಸಿ, ಅವರಿಗೆ ನಿಜವಾದ ಕಾರ್ಡನ್ನು ನಿಜವಾದ ಅಂಚೆಪೆಟ್ಟಿಗೆಗೆ ಹಾಕಿಸೋಣ. ವಿಳಾಸ ಪ್ರಕಾಶಕರಲ್ಲಿ ದೊರೆಯುತ್ತದೆ. ಪುಸ್ತಕ ಚೆನ್ನಾಗಿದೆ ಎಂದು ಮಾತ್ರ ಬರೆಯಲು ಬಿಡಬಾರದು. ಯಾವ ಪುಟದಲ್ಲಿ ನಿಂತೆ, ಯಾವುದು ನಂಬಲಾಗಲಿಲ್ಲ, ನಮ್ಮೂರಿನಲ್ಲಿ ಇದು ಹೀಗಲ್ಲ ಎಂಬುದನ್ನು ಬರೆಯಬೇಕು. ದಾನಿಗಳು ಗ್ರಂಥಾಲಯ ನಿಧಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಭಾಗವನ್ನು, ಒಂದೇ ಕಾದಂಬರಿಯ ಹತ್ತಿಪ್ಪತ್ತು ಪ್ರತಿಗಳನ್ನು ಕೊಳ್ಳಲು ಮೀಸಲಿಟ್ಟರೆ ಒಂದು ತರಗತಿಗೆ ಸಾಕು. ಹಳೆಯ ವಿದ್ಯಾರ್ಥಿಗಳಲ್ಲಿ ಬರೆಯುವವರಿದ್ದರೆ ಅವರಿಂದಲೇ ಆರಂಭಿಸಬಹುದು.

ಒಂದು ಷರತ್ತು ಮಾತ್ರ ಇರಲಿ. ಈ ಕಾರ್ಡಿಗೆ ಅಂಕ ಕೊಡುವಂತಿಲ್ಲ, ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವಂತೆಯೂ ಇಲ್ಲ. ಉತ್ತರ ಬಂದಾಗ ತರಗತಿಯಲ್ಲಿ ಗಟ್ಟಿಯಾಗಿ ಓದಿ, ಶಾಲೆಯ ಕಡತದಲ್ಲಿ ಇಸವಿ ಹಾಕಿ ಇಟ್ಟುಕೊಂಡರಾಯಿತು. ಪಠ್ಯಪುಸ್ತಕದ ನಾಲ್ಕು ಸಾಲುಗಳ ಪರಿಚಯಕ್ಕೆ ಐದನೆಯ ಸಾಲು ಅಲ್ಲಿಂದ ದೊರೆಯುತ್ತದೆ.